ಅಂಕಪಟ್ಟಿಗೂ ಕಿರೀಟಕ್ಕೂ ನಡುವೆ: ಬಿಗ್ ಈಸ್ಟ್ ಕಾನ್ಫರೆನ್ಸಿನ 1984–85ರ ಪುರುಷರ ಬ್ಯಾಸ್ಕೆಟ್‌ಬಾಲ್ ಋತು

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ಕುರಿತ ಬರಹಗಳಲ್ಲಿ ಬಿಗ್ ಈಸ್ಟ್ ಕಾನ್ಫರೆನ್ಸಿನ 1984–85ರ ಋತುವಿಗೆ ವಿಶೇಷ ಸ್ಥಾನವಿದೆ. ಆದರೆ ಆ ಸ್ಥಾನ ಅದಕ್ಕೆ ದಕ್ಕಿರುವುದು ಬಹುಮಟ್ಟಿಗೆ 1985ರ ಏಪ್ರಿಲ್ 1ರಂದು ನಡೆದ ಒಂದೇ ಒಂದು ಪಂದ್ಯದ ಬಲದಿಂದ. ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ ನಗರದ ರಪ್ ಅರೀನಾದಲ್ಲಿ ನಡೆದ ಆ ರಾಷ್ಟ್ರೀಯ ಫೈನಲಿನಲ್ಲಿ ವಿಲನೋವಾ ವಿಶ್ವವಿದ್ಯಾಲಯದ ತಂಡವು ಹಿಂದಿನ ವರ್ಷದ ಚಾಂಪಿಯನ್ ಜಾರ್ಜ್‌ಟೌನ್ ತಂಡವನ್ನು 66–64ರಿಂದ ಸೋಲಿಸಿದ್ದನ್ನು ಪವಾಡವೆಂದು ಬಣ್ಣಿಸುವುದು ಅಂದಿನಿಂದಲೂ ರೂಢಿಯಾಗಿದೆ. ಪವಾಡವೆಂಬ ಮಾತು ಕೇಳಲು ಹಿತವಾಗಿದ್ದರೂ ಕಾರಣಗಳ ಹುಡುಕಾಟವನ್ನು ಅದು ಅಲ್ಲಿಗೇ ನಿಲ್ಲಿಸಿಬಿಡುತ್ತದೆ. ಆ ವರ್ಷ ರಾಷ್ಟ್ರಮಟ್ಟದಲ್ಲಿ ಉಳಿದ ಕೊನೆಯ ನಾಲ್ಕು ತಂಡಗಳಲ್ಲಿ ಮೂರು, ಅಂದರೆ ಜಾರ್ಜ್‌ಟೌನ್, ಸೇಂಟ್ ಜಾನ್ಸ್ ಮತ್ತು ವಿಲನೋವಾ, ಹುಟ್ಟಿ ಆರು ವರ್ಷವೂ ತುಂಬಿರದ ಒಂದೇ ಕಾನ್ಫರೆನ್ಸಿಗೆ ಸೇರಿದ್ದವು. ಹಾಗೆ ಅದಕ್ಕೆ ಮೊದಲು ಎಂದೂ ಆಗಿರಲಿಲ್ಲ. ಈ ಸಂಗತಿಯನ್ನು ಮುಂದಿಟ್ಟುಕೊಂಡು ನೋಡಿದರೆ ಫೈನಲನ್ನು ಋತುವಿನಿಂದ ಬಿಡಿಸಿ ಓದುವುದು ಸರಿಯಲ್ಲವೆಂಬುದು ತಿಳಿಯುತ್ತದೆ.

ಕಾನ್ಫರೆನ್ಸ್ ಎಂದರೆ ಇಲ್ಲಿ ಸಭೆಯೂ ಅಲ್ಲ, ವಿಚಾರಗೋಷ್ಠಿಯೂ ಅಲ್ಲ. ತಮ್ಮತಮ್ಮೊಳಗೆ ಪ್ರತಿವರ್ಷ ಆಡಲು ಒಪ್ಪಿಕೊಂಡ, ಪ್ರಸಾರದ ಹಣವನ್ನು ಒಟ್ಟಾಗಿ ಗಳಿಸಿ ಹಂಚಿಕೊಳ್ಳುವ ವಿಶ್ವವಿದ್ಯಾಲಯಗಳ ಕೂಟ. ದೇಶದ ಬೇರೆ ಭಾಗಗಳಲ್ಲಿ ಇಂಥ ಕೂಟಗಳು ದಶಕಗಳಿಂದ ಬೇರೂರಿದ್ದರೂ ಈಶಾನ್ಯ ರಾಜ್ಯಗಳ ಹೆಚ್ಚಿನ ತಂಡಗಳು 1970ರ ದಶಕದ ಕೊನೆಯವರೆಗೂ ಕಾನ್ಫರೆನ್ಸಿನ ಹಂಗಿಲ್ಲದೆ, ತಮಗೆ ಬೇಕಾದ ಎದುರಾಳಿಗಳನ್ನು ತಾವೇ ಗೊತ್ತುಮಾಡಿಕೊಂಡು ಆಡುತ್ತಿದ್ದವು. ಪ್ರಾವಿಡೆನ್ಸ್ ಕಾಲೇಜಿನಲ್ಲಿ ತರಬೇತುದಾರರಾಗಿ 1973ರಲ್ಲಿ ತಂಡವನ್ನು ರಾಷ್ಟ್ರೀಯ ಸೆಮಿಫೈನಲಿನವರೆಗೆ ಕೊಂಡೊಯ್ದಿದ್ದ ಡೇವ್ ಗ್ಯಾವಿಟ್ ಈ ಬಿಡಿಬಿಡಿ ವ್ಯವಸ್ಥೆಗೆ ಭವಿಷ್ಯವಿಲ್ಲವೆಂದು ಕಂಡುಕೊಂಡು, 1979ರ ಮೇ ತಿಂಗಳಲ್ಲಿ ಪ್ರಾವಿಡೆನ್ಸ್, ಸೇಂಟ್ ಜಾನ್ಸ್, ಜಾರ್ಜ್‌ಟೌನ್, ಸಿರಾಕ್ಯೂಸ್, ಸೀಟನ್ ಹಾಲ್, ಕನೆಕ್ಟಿಕಟ್ ಮತ್ತು ಬಾಸ್ಟನ್ ಕಾಲೇಜುಗಳನ್ನು ಸೇರಿಸಿ ಬಿಗ್ ಈಸ್ಟನ್ನು ಕಟ್ಟಿದರು. ಆಹ್ವಾನ ಬಂದರೂ ಹೋಲಿ ಕ್ರಾಸ್ ಮತ್ತು ರಟ್ಗರ್ಸ್ ಹಿಂಜರಿದವು. 1980ರಲ್ಲಿ ವಿಲನೋವಾ, 1982ರಲ್ಲಿ ಪಿಟ್ಸ್‌ಬರ್ಗ್ ಸೇರಿದ ಮೇಲೆ ಸದಸ್ಯರ ಸಂಖ್ಯೆ ಒಂಬತ್ತಕ್ಕೆ ಮುಟ್ಟಿತು.

ಸದಸ್ಯರ ಆಯ್ಕೆಯಲ್ಲಿ ಗ್ಯಾವಿಟ್ ಆಟದ ಬಲದಷ್ಟೇ ಊರಿನ ಬಲವನ್ನೂ ತೂಗಿನೋಡಿದ್ದರೆಂಬುದು ನಕ್ಷೆಯಿಂದಲೇ ಗೊತ್ತಾಗುತ್ತದೆ. ಬಾಸ್ಟನ್, ನ್ಯೂಯಾರ್ಕ್, ವಾಷಿಂಗ್ಟನ್, ಆಮೇಲೆ ಫಿಲಡೆಲ್ಫಿಯಾ, ಪಿಟ್ಸ್‌ಬರ್ಗ್: ಒಂದೊಂದು ತಂಡದ ಹಿಂದೆಯೂ ಲಕ್ಷಾಂತರ ಮನೆಗಳ ಟೆಲಿವಿಷನ್ ಪೆಟ್ಟಿಗೆಗಳಿದ್ದವು. ಕಾನ್ಫರೆನ್ಸ್ ಹುಟ್ಟಿದ ವರ್ಷದ ಸೆಪ್ಟೆಂಬರಿನಲ್ಲೇ, ಅದೂ ಅದೇ ಸೀಮೆಯ ಕನೆಕ್ಟಿಕಟ್ ರಾಜ್ಯದ ಬ್ರಿಸ್ಟಲ್ ಪಟ್ಟಣದಿಂದ, ಕ್ರೀಡೆಗೇ ಮೀಸಲಾದ ಇಎಸ್‌ಪಿಎನ್ ವಾಹಿನಿ ಪ್ರಸಾರ ಆರಂಭಿಸಿತು. ದಿನವಿಡೀ ತೋರಿಸಲು ಪಂದ್ಯಗಳಿಗಾಗಿ ಹಸಿದಿದ್ದ ವಾಹಿನಿಗೂ ನೋಡುಗರಿಗಾಗಿ ಹಸಿದಿದ್ದ ಕಾನ್ಫರೆನ್ಸಿಗೂ ಹೀಗೆ ನಂಟು ಬೆಸೆಯಿತು. 1983ರಿಂದ ಕಾನ್ಫರೆನ್ಸಿನ ವಾರ್ಷಿಕ ಟೂರ್ನಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ನೆಲೆನಿಂತದ್ದೂ ಈ ಲೆಕ್ಕಾಚಾರದ ಮುಂದುವರಿಕೆಯೇ.

ಟೆಲಿವಿಷನ್ನಿಗಿಂತ ಆಳವಾದ ಪರಿಣಾಮ ಆದದ್ದು ಆಟಗಾರರ ವಲಸೆಯ ಮೇಲೆ. ಈಶಾನ್ಯದ ಮಹಾನಗರಗಳ ಬೀದಿ ಅಂಗಣಗಳಲ್ಲಿ ಬೆಳೆದ ಪ್ರತಿಭೆಗಳು ಊರು ಬಿಟ್ಟು ದೂರದ ಹೆಸರಾಂತ ತಂಡಗಳಿಗೆ ಹೋಗುವುದು ಹಳೆಯ ಪರಿಪಾಠವಾಗಿತ್ತು. ಮುಂದೆ ಕರೀಮ್ ಅಬ್ದುಲ್ ಜಬ್ಬಾರ್ ಎಂದು ಹೆಸರಾದ ಲ್ಯೂ ಅಲ್ಸಿಂಡರ್ 1965ರಲ್ಲಿ ನ್ಯೂಯಾರ್ಕಿನಿಂದ ಲಾಸ್ ಏಂಜಲೀಸಿಗೆ ಹೊರಟದ್ದು ಇದರ ಪ್ರಸಿದ್ಧ ಉದಾಹರಣೆ. 1981ರಲ್ಲಿ ಈ ಹರಿವು ತಿರುಗಿತು. ಜಮೈಕಾದಲ್ಲಿ ಹುಟ್ಟಿ ಮ್ಯಾಸಚೂಸೆಟ್ಸಿನ ಕೇಂಬ್ರಿಜ್‌ನಲ್ಲಿ ಶಾಲೆ ಓದಿದ ಪ್ಯಾಟ್ರಿಕ್ ಯೂಯಿಂಗ್ ಜಾರ್ಜ್‌ಟೌನನ್ನೂ, ಬ್ರೂಕ್ಲಿನ್ನಿನ ಕ್ರಿಸ್ ಮಲಿನ್ ಸೇಂಟ್ ಜಾನ್ಸನ್ನೂ, ಬ್ರಾಂಕ್ಸಿನ ಎಡ್ ಪಿಂಕ್ನಿ ವಿಲನೋವಾವನ್ನೂ ಸೇರಿದ್ದು ಆ ಒಂದೇ ವರ್ಷದಲ್ಲಿ. ಕಾಲೇಜು ಕ್ರೀಡೆಯ ನಿಯಮದಂತೆ ಆಟಗಾರನಿಗೆ ಸಿಗುವ ನಾಲ್ಕು ಋತುಗಳ ಪೈಕಿ ಈ ಮೂವರಿಗೂ 1984–85 ಕೊನೆಯದಾಗಿತ್ತು. ನಾಲ್ಕು ವರ್ಷ ಒಬ್ಬರನ್ನೊಬ್ಬರು ಎದುರಿಸುತ್ತಲೇ ಮಾಗಿದ ಪೀಳಿಗೆಯ ಫಲ ಆ ವಸಂತದಲ್ಲಿ ಕೈಗೆ ಬಂದಿತೆನ್ನಬೇಕು.

ಒಂಬತ್ತು ತಂಡಗಳೂ ಪರಸ್ಪರ ಎರಡೆರಡು ಬಾರಿ, ಒಮ್ಮೆ ತವರಿನಲ್ಲಿ ಒಮ್ಮೆ ಎದುರಾಳಿಯ ಊರಿನಲ್ಲಿ, ಆಡಬೇಕಾದ್ದರಿಂದ ಪ್ರತಿ ತಂಡಕ್ಕೂ ಕಾನ್ಫರೆನ್ಸಿನೊಳಗೆ 16 ಪಂದ್ಯಗಳಿದ್ದವು. ಸೇಂಟ್ ಜಾನ್ಸ್ 15 ಗೆದ್ದು 1 ಸೋತು ಅಗ್ರಸ್ಥಾನ ಪಡೆಯಿತು. ಜಾರ್ಜ್‌ಟೌನ್ 14–2ರೊಂದಿಗೆ ಅದರ ಬೆನ್ನಿಗಿತ್ತು. ಆಮೇಲಿನದು ದೊಡ್ಡ ಕಂದರ: ವಿಲನೋವಾ ಮತ್ತು ಸಿರಾಕ್ಯೂಸ್ 9–7, ಪಿಟ್ಸ್‌ಬರ್ಗ್ 8–8, ಬಾಸ್ಟನ್ ಕಾಲೇಜ್ 7–9, ಕನೆಕ್ಟಿಕಟ್ 6–10. ತಳದಲ್ಲಿ ಪ್ರಾವಿಡೆನ್ಸ್ 3–13 ಮತ್ತು ಸೀಟನ್ ಹಾಲ್ 1–15. ಕಾನ್ಫರೆನ್ಸನ್ನು ಕಟ್ಟಿದವರ ಮನೆಯಂಗಳವೇ ಆಗಿದ್ದ ಪ್ರಾವಿಡೆನ್ಸ್ ಎಂಟನೆಯ ಸ್ಥಾನಕ್ಕೆ ಇಳಿದದ್ದರಲ್ಲಿ ಒಂದು ವಿಪರ್ಯಾಸವಿದೆ. ಅದರ ತರಬೇತುದಾರ ಜೋ ಮಲೇನಿ ಹಿಂದೊಮ್ಮೆ ಅದೇ ಕಾಲೇಜಿನಲ್ಲಿ ಪಳಗಿಸಿದ್ದ ಆಟಗಾರ ಜಾನ್ ಥಾಂಪ್ಸನ್ನೇ ಈಗ ಜಾರ್ಜ್‌ಟೌನಿನ ತರಬೇತುದಾರರಾಗಿದ್ದರು. 1984ರಲ್ಲಿ ರಾಷ್ಟ್ರೀಯ ಕಿರೀಟ ಗೆದ್ದು, ಆ ಸಾಧನೆ ಮಾಡಿದ ಮೊದಲ ಕಪ್ಪು ಜನಾಂಗದ ಮುಖ್ಯ ತರಬೇತುದಾರರೆಂಬ ಹೆಗ್ಗಳಿಕೆಗೆ ಪಾತ್ರರಾಗಿದ್ದವರು ಇವರೇ.

ಋತುವಿನ ಬೆನ್ನೆಲುಬು ಜಾರ್ಜ್‌ಟೌನ್ ಮತ್ತು ಸೇಂಟ್ ಜಾನ್ಸ್ ನಡುವಿನ ಪೈಪೋಟಿ. ಜನವರಿ 26ರಂದು ಜಾರ್ಜ್‌ಟೌನಿನ ತವರು ಅಂಗಣದಲ್ಲೇ ಸೇಂಟ್ ಜಾನ್ಸ್ 66–65ರಿಂದ ಗೆದ್ದು, ಹಿಂದಿನ ಋತುವಿನಿಂದ ಮುಂದುವರಿದಿದ್ದ ಎದುರಾಳಿಯ 29 ಗೆಲುವುಗಳ ಸರಣಿಯನ್ನು ಮುರಿಯಿತು. ಎರಡೇ ದಿನದ ಮೇಲೆ ಸಿರಾಕ್ಯೂಸ್ ಕೂಡ ಜಾರ್ಜ್‌ಟೌನನ್ನು 65–63ರಿಂದ ಮಣಿಸಿತು. ಸೇಂಟ್ ಜಾನ್ಸಿನ ಹಿರಿಯ ತರಬೇತುದಾರ ಲೂ ಕಾರ್ನೆಸೆಕಾ, ತಂಡ ಗೆಲ್ಲುತ್ತಿರುವಷ್ಟು ದಿನ ಬದಲಿಸಬಾರದೆಂಬ ನಂಬಿಕೆಯಿಂದ, ಗಾಢ ಬಣ್ಣದ ಪಟ್ಟೆಗಳಿದ್ದ ಒಂದೇ ಸ್ವೆಟರನ್ನು ತೊಟ್ಟು ಬರತೊಡಗಿದ್ದರು. ಫೆಬ್ರವರಿ 27ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಮರುಪಂದ್ಯಕ್ಕೆ ಬಂದ ಥಾಂಪ್ಸನ್ ಕೋಟು ಸರಿಸಿದಾಗ ಒಳಗೆ ಅದೇ ವಿನ್ಯಾಸದ ಅಂಗಿ ಕಂಡು ಇಡೀ ಸಭಾಂಗಣ ನಕ್ಕಿತು. ನಗೆ ಅಲ್ಲಿಗೇ ಮುಗಿಯಿತು. ಜಾರ್ಜ್‌ಟೌನ್ 85–69ರಿಂದ ಗೆದ್ದು ಸೇಂಟ್ ಜಾನ್ಸಿನ 19 ಗೆಲುವುಗಳ ಓಟಕ್ಕೆ ತಡೆಹಾಕಿತು. ಮಾರ್ಚ್ 9ರಂದು ಅದೇ ಅಂಗಣದಲ್ಲಿ ಕಾನ್ಫರೆನ್ಸ್ ಟೂರ್ನಿಯ ಫೈನಲನ್ನೂ 92–80ರಿಂದ, ಮಾರ್ಚ್ 30ರಂದು ರಾಷ್ಟ್ರೀಯ ಸೆಮಿಫೈನಲನ್ನೂ 77–59ರಿಂದ ಜಾರ್ಜ್‌ಟೌನೇ ತನ್ನದಾಗಿಸಿಕೊಂಡಿತು. ಸೇಂಟ್ ಜಾನ್ಸ್ ಇಡೀ ಋತುವಿನಲ್ಲಿ 31 ಪಂದ್ಯ ಗೆದ್ದು ಸೋತದ್ದು ಕೇವಲ 4. ಆ ನಾಲ್ಕರಲ್ಲಿ ಮೂರು ಸೋಲು ಒಂದೇ ತಂಡದ ಕೈಯಲ್ಲಿ. ಅಂಕಪಟ್ಟಿಯಲ್ಲಿ ಮೊದಲಿಗರಾದವರನ್ನು ಎರಡನೆಯವರು ಹೀಗೆ ಮತ್ತೆಮತ್ತೆ ಸೋಲಿಸಿದ್ದು ಪಟ್ಟಿಯ ಮಿತಿಯನ್ನೂ ತೋರಿಸುತ್ತದೆ. ಆ ವರ್ಷದ ಕಾನ್ಫರೆನ್ಸಿನ ಶ್ರೇಷ್ಠ ಆಟಗಾರ ಪ್ರಶಸ್ತಿಯನ್ನು ಯೂಯಿಂಗ್ ಮತ್ತು ಮಲಿನ್ ಹಂಚಿಕೊಂಡರು.

ರಾಷ್ಟ್ರೀಯ ಟೂರ್ನಿಯನ್ನು ನಡೆಸುವ ಎನ್‌ಸಿಎಎ, ಅಂದರೆ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಆಡಳಿತ ಸಂಸ್ಥೆ, 1985ರಲ್ಲಿ ಮೊದಲ ಬಾರಿಗೆ 64 ತಂಡಗಳಿಗೆ ಪ್ರವೇಶ ಕೊಟ್ಟಿತು. ಹಿಂದಿನ ವರ್ಷ ಅವುಗಳ ಸಂಖ್ಯೆ 53 ಇತ್ತು. ಒಮ್ಮೆ ಸೋತರೆ ಹೊರಬೀಳುವ ಈ ಟೂರ್ನಿಗೆ ಬಿಗ್ ಈಸ್ಟಿನ ಆರು ತಂಡಗಳು ಆಯ್ಕೆಯಾದವು. ಟೂರ್ನಿಯ ವಿಸ್ತರಣೆ ರೂಪುಗೊಂಡ ಕಾಲದಲ್ಲಿ ಸಂಬಂಧಪಟ್ಟ ಸಮಿತಿಯ ಅಧ್ಯಕ್ಷರಾಗಿದ್ದವರೂ ಗ್ಯಾವಿಟ್ಟರೇ ಎಂಬುದನ್ನು ಇಲ್ಲಿ ನೆನೆಯಬೇಕು. ತನ್ನ ವಲಯದಲ್ಲಿ ಎಂಟನೆಯ ಶ್ರೇಯಾಂಕ ಪಡೆದ ವಿಲನೋವಾ ಮೊದಲ ಪಂದ್ಯವನ್ನು ಡೇಟನ್ ತಂಡದ ವಿರುದ್ಧ ಅದರ ತವರಿನಲ್ಲೇ ಆಡಿ 51–49ರಿಂದ ಪಾರಾಯಿತು. ಆನಂತರ ಮಿಷಿಗನ್ನನ್ನು 59–55, ಮೇರಿಲ್ಯಾಂಡನ್ನು 46–43, ನಾರ್ತ್ ಕ್ಯಾರೊಲಿನಾವನ್ನು 56–44, ಸೆಮಿಫೈನಲಿನಲ್ಲಿ ಮೆಂಫಿಸ್ ಸ್ಟೇಟನ್ನು 52–45ರಿಂದ ಮಣಿಸಿತು. ಈ ಐದು ಎದುರಾಳಿಗಳಲ್ಲಿ ಯಾರೂ 55 ಅಂಕ ದಾಟಲಿಲ್ಲವೆಂಬುದರಲ್ಲಿ ತರಬೇತುದಾರ ರಾಲಿ ಮಾಸಿಮಿನೊ ಅವರ ತಂತ್ರ ಅಡಗಿದೆ: ಅವರ ತಂಡ ಕಾವಲಿನ ವಿನ್ಯಾಸವನ್ನು ಗಳಿಗೆಗೊಮ್ಮೆ ಬದಲಿಸಿ ಎದುರಾಳಿಯನ್ನು ಗೊಂದಲಕ್ಕೆ ಕೆಡವುತ್ತಿತ್ತು, ಚೆಂಡು ಕೈಸೇರಿದಾಗ ಅವಸರಪಡುತ್ತಿರಲಿಲ್ಲ.

ಅವಸರಪಡದಿರಲು ನಿಯಮವೂ ಅವಕಾಶ ಕೊಟ್ಟಿತ್ತು. ಚೆಂಡು ಕೈಗೆ ಬಂದ ಮೇಲೆ ಇಂತಿಷ್ಟು ಸೆಕೆಂಡುಗಳೊಳಗೆ ಬುಟ್ಟಿಯತ್ತ ಎಸೆಯಲೇಬೇಕೆಂದು ಕಟ್ಟುಪಾಡು ಹಾಕುವ ಗಡಿಯಾರಕ್ಕೆ ಶಾಟ್ ಕ್ಲಾಕ್ ಎನ್ನುತ್ತಾರೆ. ಕಾನ್ಫರೆನ್ಸುಗಳು ತಮ್ಮೊಳಗಿನ ಪಂದ್ಯಗಳಲ್ಲಿ ಇದನ್ನು ಪ್ರಯೋಗಕ್ಕಾಗಿ ಬಳಸಬಹುದಿತ್ತಾದರೂ 1985ರ ರಾಷ್ಟ್ರೀಯ ಟೂರ್ನಿಯಲ್ಲಿ ಅದು ಇರಲಿಲ್ಲ. ದೂರದಿಂದ ಎಸೆದ ಬುಟ್ಟಿಗೆ ಮೂರು ಅಂಕ ಕೊಡುವ ಗೆರೆಯೂ ಆಗಿನ್ನೂ ರಾಷ್ಟ್ರಮಟ್ಟದಲ್ಲಿ ಬಂದಿರಲಿಲ್ಲ. ಆದ್ದರಿಂದ ತಾಳ್ಮೆಯಿಂದ ಚೆಂಡನ್ನು ಕೈಯಿಂದ ಕೈಗೆ ದಾಟಿಸುತ್ತ, ಖಚಿತವಾದ ಅವಕಾಶಕ್ಕೆ ಕಾದು ಕೂರುವವರಿಗೆ ದಂಡವೇನೂ ಇರಲಿಲ್ಲ.

ಫೈನಲಿನ ಅಂಕಿಗಳನ್ನು ಈ ಹಿನ್ನೆಲೆಯಲ್ಲೇ ಓದಬೇಕು. ವಿಲನೋವಾ 28 ಬಾರಿ ಎಸೆದು 22 ಬಾರಿ ಬುಟ್ಟಿಗೆ ಹಾಕಿತು. ದ್ವಿತೀಯಾರ್ಧದಲ್ಲಂತೂ 10ಕ್ಕೆ 9. ಪವಾಡದ ಕಥೆಗೆ ಆಧಾರವಾದದ್ದು ಈ ನಿಖರತೆಯೇ. ಆದರೆ ಅದೇ ಪಂದ್ಯದಲ್ಲಿ ಜಾರ್ಜ್‌ಟೌನ್ 53 ಎಸೆತಗಳಲ್ಲಿ 29ನ್ನು ಬುಟ್ಟಿಗೆ ಹಾಕಿತ್ತು, ಅಂದರೆ ಗೆದ್ದವರಿಗಿಂತ 7 ಹೆಚ್ಚು. ವ್ಯತ್ಯಾಸ ಬಂದದ್ದು ಫ್ರೀ ಥ್ರೋಗಳಲ್ಲಿ, ಎಂದರೆ ಎದುರಾಳಿ ಫೌಲ್ ಮಾಡಿದಾಗ ಯಾರ ಅಡ್ಡಿಯೂ ಇಲ್ಲದೆ ಗೆರೆಯ ಹಿಂದೆ ನಿಂತು ಎಸೆಯುವ, ಒಂದೊಂದು ಅಂಕದ ಎಸೆತಗಳಲ್ಲಿ: ವಿಲನೋವಾಕ್ಕೆ 27ರಲ್ಲಿ 22 ದಕ್ಕಿದರೆ ಜಾರ್ಜ್‌ಟೌನಿಗೆ ಸಿಕ್ಕಿದ್ದೇ 8, ದಕ್ಕಿದ್ದು 6. ಮೈಮೇಲೆ ಬಿದ್ದು ಆಡುವ ಜಾರ್ಜ್‌ಟೌನಿನ ಕಾವಲು ಎದುರಾಳಿಗಳನ್ನು ಋತುವಿಡೀ ಕಂಗೆಡಿಸಿತ್ತು. ಆದರೆ ಹಿಂದೆಬಿದ್ದ ತಂಡ ಚೆಂಡನ್ನು ಮರಳಿ ಪಡೆಯಲು ಫೌಲ್ ಮಾಡದೆ ಗತಿಯಿಲ್ಲ ಎಂಬ ಸ್ಥಿತಿಯನ್ನು ಗಡಿಯಾರವಿಲ್ಲದ ಆಟ ತಂದೊಡ್ಡಿತು. ಬದಲಿ ಆಟಗಾರ ಹೆರಾಲ್ಡ್ ಜೆನ್ಸನ್ ತನ್ನ 5 ಎಸೆತಗಳನ್ನೂ ತಪ್ಪಿಸಲಿಲ್ಲ. ಡ್ವೇನ್ ಮೆಕ್ಲೇನ್ 17 ಅಂಕ ಗಳಿಸಿದರು. 16 ಅಂಕಗಳ ಜೊತೆಗೆ ಯೂಯಿಂಗರ ಎತ್ತರಕ್ಕೆ ಎದೆಗೊಟ್ಟು ನಿಂತ ಪಿಂಕ್ನಿ ಫೈನಲ್ ಘಟ್ಟದ ಶ್ರೇಷ್ಠ ಆಟಗಾರರೆನಿಸಿದರು.

ಇನ್ನೊಂದು ಸಂಗತಿ ಬಹಳಷ್ಟು ನಿರೂಪಣೆಗಳಲ್ಲಿ ಬದಿಗೆ ಸರಿದಿದೆ. ಈ ಎರಡು ತಂಡಗಳಿಗೆ ಅದು ಆ ವರ್ಷದ ಮೂರನೆಯ ಭೇಟಿ. ಹಿಂದಿನ ಎರಡರಲ್ಲೂ ಜಾರ್ಜ್‌ಟೌನ್ ಗೆದ್ದಿತ್ತು ನಿಜ, ಆದರೆ ಒಂದನ್ನು ಹೆಚ್ಚುವರಿ ಅವಧಿಯಲ್ಲಿ 52–50ರಿಂದ, ಇನ್ನೊಂದನ್ನು 57–50ರಿಂದ. ದೇಶದ ಬೇರೆ ಭಾಗಗಳ ತಂಡಗಳಿಗೆ ಯೂಯಿಂಗ್ ಎಂದರೆ ಕೇಳಿ ಹೆದರಿದ ಹೆಸರು. ವಿಲನೋವಾದ ಹಿರಿಯ ಆಟಗಾರರಿಗೆ ಅವರು ನಾಲ್ಕು ವರ್ಷಗಳಿಂದ ಪ್ರತಿ ಚಳಿಗಾಲ ಎದುರಾಗುತ್ತಿದ್ದ ಪರಿಚಿತ ಎದುರಾಳಿ. ಒಟ್ಟು 35 ಪಂದ್ಯ ಗೆದ್ದ ಜಾರ್ಜ್‌ಟೌನ್ ಸೋತ ಮೂರೂ ಪಂದ್ಯಗಳಲ್ಲಿ ಎದುರಾಳಿಗಳು ಸೇಂಟ್ ಜಾನ್ಸ್, ಸಿರಾಕ್ಯೂಸ್, ವಿಲನೋವಾ, ಎಂದರೆ ಕಾನ್ಫರೆನ್ಸಿನ ಒಡನಾಡಿಗಳೇ. ಹೊರಗಿನ ಯಾವ ತಂಡಕ್ಕೂ ಅದನ್ನು ಸೋಲಿಸಲಾಗಲಿಲ್ಲ. 9–7ರ ವಿಲನೋವಾ ದುರ್ಬಲ ತಂಡವೆಂದು ಅಂಕಪಟ್ಟಿ ಹೇಳುತ್ತಿರಲಿಲ್ಲ, ಕಠಿಣ ನೆರೆಹೊರೆಯಲ್ಲಿ ವಾಸವಾಗಿದ್ದ ತಂಡವೆಂದು ಹೇಳುತ್ತಿತ್ತು. ಓದಿದವರು ಅದನ್ನು ತಪ್ಪಾಗಿ ಓದಿದರು.

1985–86ರಿಂದ 45 ಸೆಕೆಂಡುಗಳ ಶಾಟ್ ಕ್ಲಾಕ್ ಎಲ್ಲ ಕಾಲೇಜು ಪಂದ್ಯಗಳಿಗೂ ಕಡ್ಡಾಯವಾಯಿತು, ಮರುವರ್ಷ ಮೂರು ಅಂಕದ ಗೆರೆಯೂ ಬಂತು. ವಿಲನೋವಾ ಆಡಿದ ಬಗೆಯ ಆಟಕ್ಕೆ ಅಲ್ಲಿಗೆ ತೆರೆಬಿತ್ತು. ಯೂಯಿಂಗ್ ವೃತ್ತಿಪರ ಲೀಗಿನ ಆಯ್ಕೆಯಲ್ಲಿ ಮೊದಲಿಗರಾಗಿ ನ್ಯೂಯಾರ್ಕ್ ತಂಡ ಸೇರಿದರು, ಮಲಿನ್ ಏಳನೆಯವರಾಗಿ, ಪಿಂಕ್ನಿ ಹತ್ತನೆಯವರಾಗಿ ಆಯ್ಕೆಯಾದರು. ಅವರ ಪೀಳಿಗೆ ತೆರಳಿದ ಮೇಲೆ ಮೇಲೆದ್ದವು ಪಟ್ಟಿಯ ತಳದಲ್ಲಿದ್ದ ತಂಡಗಳು. ಮೂರು ಪಂದ್ಯ ಮಾತ್ರ ಗೆದ್ದಿದ್ದ ಪ್ರಾವಿಡೆನ್ಸ್, ಹೊಸ ತರಬೇತುದಾರ ರಿಕ್ ಪಿಟಿನೊ ಅವರ ಕೈಯಲ್ಲಿ 1987ರಲ್ಲಿ ರಾಷ್ಟ್ರೀಯ ಸೆಮಿಫೈನಲ್ ತಲುಪಿ ಅಲ್ಲಿ ಸಿರಾಕ್ಯೂಸಿಗೆ ಸೋತಿತು. ಒಂದೇ ಒಂದು ಗೆದ್ದಿದ್ದ ಸೀಟನ್ ಹಾಲ್, ಅದೇ ತರಬೇತುದಾರ ಪಿ. ಜೆ. ಕಾರ್ಲೆಸಿಮೊ ಅವರನ್ನೇ ಉಳಿಸಿಕೊಂಡು, 1989ರ ರಾಷ್ಟ್ರೀಯ ಫೈನಲಿನಲ್ಲಿ ಮಿಷಿಗನ್ ವಿರುದ್ಧ ಹೆಚ್ಚುವರಿ ಅವಧಿಯವರೆಗೂ ಹೋರಾಡಿ 80–79ರ ಒಂದೇ ಅಂಕದಿಂದ ಕಿರೀಟ ಕಳೆದುಕೊಂಡಿತು.