ಶವಾಗಾರದಲ್ಲಿ ಎಚ್ಚರಗೊಂಡವನ ಕಥೆ

ತಲೆಗೆ ಪೆಟ್ಟು ಬಿದ್ದ ರೋಗಿಗೆ ಎಚ್ಚರವಾದೊಡನೆ ವೈದ್ಯರಾದ ನಾವು ಮೂರು ಪ್ರಶ್ನೆ ಕೇಳುತ್ತೇವೆ: ನಿಮ್ಮ ಹೆಸರೇನು, ಇದು ಯಾವ ಸ್ಥಳ, ಇಂದು ಯಾವ ದಿನ? ಅಮೆರಿಕದ ಬ್ಲ್ಯಾಕ್ ಐಲ್ ಸ್ಟುಡಿಯೋಸ್ ರೂಪಿಸಿದ, 1999ರ ಡಿಸೆಂಬರಿನಲ್ಲಿ ಹೊರಬಂದ ‘ಪ್ಲೇನ್‌ಸ್ಕೇಪ್: ಟಾರ್ಮೆಂಟ್’ ಎಂಬ ಕಂಪ್ಯೂಟರ್ ಆಟದ ನಾಯಕ ಮೂರಕ್ಕೂ ಉತ್ತರಿಸಲಾರ. ಅವನು ಕಣ್ಣು ತೆರೆಯುವುದು ಶವಾಗಾರದಲ್ಲಿ. ನಮ್ಮ ವೃತ್ತಿಯ ಕೆಲಸ ಮುಗಿಯುವ ಸ್ಥಳದಲ್ಲಿ ಅವನ ಕಥೆ ಆರಂಭವಾಗುತ್ತದೆ.

ಈ ಆರಂಭದ ಹಿಂದೆ ಒಂದು ಕಾದಂಬರಿಯಿದೆ. ರಾಜರ್ ಝೆಲಾಜ್ನಿ 1970ರಲ್ಲಿ ಪ್ರಕಟಿಸಿದ ‘ನೈನ್ ಪ್ರಿನ್ಸಸ್ ಇನ್ ಆಂಬರ್’ ಕೃತಿಯ ಕಾರ್ವಿನ್ ನೆನಪಳಿದು ಆಸ್ಪತ್ರೆಯ ಹಾಸಿಗೆಯಲ್ಲಿ ಎಚ್ಚರಗೊಳ್ಳುತ್ತಾನೆ. ತನಗೆ ಬೇಕೆಂದೇ ಮತ್ತಿನ ಔಷಧ ಕೊಟ್ಟು ಮಲಗಿಸಿದ್ದಾರೆಂದು ಶಂಕಿಸುತ್ತಾನೆ. (ವೈದ್ಯರಿಗೆ ಅಷ್ಟೇನೂ ಗೌರವ ತರುವ ಆರಂಭವಲ್ಲ!) ಆಟದ ಪ್ರಧಾನ ಲೇಖಕ ಕ್ರಿಸ್ ಅವೆಲೋನ್ ಆಂಬರ್ ಮಾಲಿಕೆಯ ಋಣವನ್ನು ಒಪ್ಪಿಕೊಂಡಿದ್ದಾರೆ. ಅದರೊಡನೆ ಅವರು ಹೆಸರಿಸುವ ಮತ್ತೊಂದು ಪ್ರೇರಣೆ, ನಾವೆಲ್ಲ ಬಾಡಿಗೆಗೆ ತಂದು ಓದಿದ ಆರ್ಚೀ ಕಾಮಿಕ್ಸ್! ಝೆಲಾಜ್ನಿಗೆ ನಮ್ಮ ಪುರಾಣಗಳ ಪರಿಚಯವೂ ಇತ್ತು. ಅವರ ‘ಲಾರ್ಡ್ ಆಫ್ ಲೈಟ್’ (1967) ಕೃತಿಯಲ್ಲಿ ಹಿಂದೂ ದೇವತೆಗಳ ಹೆಸರು ಧರಿಸಿದ ಮನುಷ್ಯರು ದೇಹದಿಂದ ದೇಹಕ್ಕೆ ಸಾಗುತ್ತಾರೆ.

ಕಥೆ ನಡೆಯುವ ಸಿಗಿಲ್ ನಗರವು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟಕ್ಕಾಗಿ ಡೇವಿಡ್ ಕುಕ್ 1994ರಲ್ಲಿ ರೂಪಿಸಿದ ಪ್ಲೇನ್‌ಸ್ಕೇಪ್ ಲೋಕಕ್ಕೆ ಸೇರಿದ್ದು. ಅಲ್ಲಿನ ಬೀದಿಮಾತಿನಲ್ಲಿ ಹಳೆಯ ಲಂಡನ್ನಿನ ಕಳ್ಳರ ಗುಪ್ತಭಾಷೆಯ ಪದಗಳು ಹೇರಳವಾಗಿವೆ.

ಆದರೆ ಟಾರ್ಮೆಂಟ್ ತಾನು ಪಡೆದ ಸಾಲವನ್ನು ಬೇರೆಯೇ ದಾರಿಯಲ್ಲಿ ಬೆಳೆಸಿತು. ಹೆಸರಿಲ್ಲದ ಈ ನಾಯಕನಿಗೆ ಸಾವಿಲ್ಲ. ಆದರೆ ಹಿಂದೆ ಸತ್ತೆದ್ದಾಗಲೆಲ್ಲ ಅವನು ನೆನಪನ್ನು ಕಳೆದುಕೊಂಡಿದ್ದಾನೆ. ಬೆನ್ನ ಮೇಲಿನ ಹಚ್ಚೆಯೇ ಅವನ ಪಾಲಿನ ಕೇಸ್ ಶೀಟು. ಅದನ್ನು ಓದಿ ಹೇಳಲೂ ಮತ್ತೊಬ್ಬರು ಬೇಕು, ಆ ಮತ್ತೊಬ್ಬರು ಗಾಳಿಯಲ್ಲಿ ತೇಲುವ, ವಾಚಾಳಿಯಾದ ಒಂದು ತಲೆಬುರುಡೆ. ಹಿಂದೊಮ್ಮೆ ಅವನು ಘೋರ ಪಾಪಗಳನ್ನು ಎಸಗಿದ್ದ. ಪ್ರಾಯಶ್ಚಿತ್ತಕ್ಕೆ ಒಂದು ಆಯುಸ್ಸು ಸಾಲದೆಂದು ರೇವೆಲ್ ಎಂಬ ಮಾಟಗಾತಿಯಿಂದ ಅಮರತ್ವ ಪಡೆದ. ಪಡೆದ ಮೇಲೆ, ಪ್ರಾಯಶ್ಚಿತ್ತ ಯಾತಕ್ಕೆಂಬುದೇ ಮರೆತುಹೋಯಿತು! ಅವನು ಸಾಯುವ ಪ್ರತಿಸಲವೂ ಅವನ ಬದಲಿಗೆ ಬೇರೊಬ್ಬರು ಸಾಯುತ್ತಾರೆ. ಅವನಿಂದ ನೊಂದವರಿಗೆ ಮಾತ್ರ ಎಲ್ಲವೂ ನೆನಪಿದೆ. ಮರೆವಿನ ರೋಗಿಯ ಹಾಸಿಗೆಯ ಪಕ್ಕದಲ್ಲಿ ಮೌನವಾಗಿ ನಿಂತ ಮನೆಯವರ ಮುಖದಲ್ಲಿ ನಾವು ಈ ಕಥೆಯನ್ನು ಕಂಡಿದ್ದೇವೆ. ಮರೆತವನೊಡನೆ ಜಗಳವಾಡುವುದು ಹೇಗೆ, ಅವನನ್ನು ಕ್ಷಮಿಸುವುದಾದರೂ ಹೇಗೆ?

ಸುಮಾರು 8 ಲಕ್ಷ ಪದಗಳ ಈ ಆಟದಲ್ಲಿ ಕತ್ತಿಗಿಂತ ಸಂಭಾಷಣೆಗೆ ಬಲ ಹೆಚ್ಚು. 2017ರ ಪರಿಷ್ಕೃತ ಆವೃತ್ತಿ ಇಂದಿನ ಕಂಪ್ಯೂಟರುಗಳಲ್ಲೂ ನಡೆಯುತ್ತದೆ. ಕಥಾವಸ್ತು ಎಳೆಯರಿಗಲ್ಲ, ಕಾಲೇಜಿಗೆ ಹೋಗುವ ಮಕ್ಕಳೊಡನೆ ಕುಳಿತು ಆಡಿ ನೋಡಿ. ಓದುವುದೇ ಬಹಳವಿದೆ, ಕನ್ನಡಕ ಹತ್ತಿರವಿರಲಿ.