ಎನ್‌ಎಂಎಂಎಸ್ ಪರೀಕ್ಷೆಯ ಲಾಭನಷ್ಟ: ಹಳಿಯಾಳ, ದಾಂಡೇಲಿ, ಜೊಯಿಡಾ, ಮುಂಡಗೋಡ ತಾಲೂಕುಗಳನ್ನು ಮುಂದಿಟ್ಟು ಒಂದು ವಿಚಾರ

ಎಂಟನೇ ತರಗತಿಯ ಮಕ್ಕಳಿಂದ ಎನ್‌ಎಂಎಂಎಸ್ (ನ್ಯಾಷನಲ್ ಮೀನ್ಸ್-ಕಮ್-ಮೆರಿಟ್ ಸ್ಕಾಲರ್‌ಶಿಪ್) ಪರೀಕ್ಷೆ ಬರೆಸುವುದು ಸರಕಾರಿ ಮತ್ತು ಅನುದಾನಿತ ಶಾಲೆಗಳ ವಾರ್ಷಿಕ ಕೆಲಸಗಳಲ್ಲಿ ಈಗ ಸೇರಿಹೋಗಿದೆ. ಆಯ್ಕೆಯಾದವರ ಹೆಸರು ಶಾಲೆಯ ಫಲಕಕ್ಕೆ ಏರುತ್ತದೆ, ಪತ್ರಿಕೆಯ ಸ್ಥಳೀಯ ಪುಟದಲ್ಲಿ ಫೋಟೊ ಬರುತ್ತದೆ. ಆಮೇಲೆ ಆ ಮಗು ಏನಾಯಿತು, ಬರೆದೂ ಆಯ್ಕೆಯಾಗದ ಉಳಿದ ಮಕ್ಕಳಿಗೆ ಏನು ದಕ್ಕಿತು ಎಂದು ಕೇಳುವವರು ಕಡಿಮೆ. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ನಾಲ್ಕು ತಾಲೂಕುಗಳ ಮಟ್ಟಿಗೆ ಈ ಪ್ರಶ್ನೆಗಳನ್ನು ಪರಿಶೀಲಿಸುವುದು ಇಲ್ಲಿನ ಉದ್ದೇಶ. ಜಿಲ್ಲೆಯ ಶಿಕ್ಷಣದ ಮಾತು ಬಂದಾಗಲೆಲ್ಲ ಕರಾವಳಿ ಮತ್ತು ಶಿರಸಿ ಸೀಮೆಯ ಎಸ್ಸೆಸ್ಸೆಲ್ಸಿ ಫಲಿತಾಂಶ ಮುಂದೆ ಬಂದು ಈ ತಾಲೂಕುಗಳು ಹಿಂದೆ ಸರಿಯುತ್ತವೆ. ಅವನ್ನೇ ಆರಿಸಿಕೊಂಡದ್ದಕ್ಕೆ ಅದು ಸಾಕಷ್ಟು ಕಾರಣ.

ಯೋಜನೆಯ ಸ್ವರೂಪ ಹೀಗಿದೆ. ಎಂಟನೇ ತರಗತಿಯ ನಂತರ ಬಡ ಮಕ್ಕಳು ಶಾಲೆ ಬಿಡುವುದನ್ನು ತಡೆಯಲು ಕೇಂದ್ರ ಸರಕಾರ 2008ರಲ್ಲಿ ಇದನ್ನು ಆರಂಭಿಸಿತು. ದೇಶಕ್ಕೆ ವರ್ಷಕ್ಕೆ 1 ಲಕ್ಷ ಹೊಸ ವಿದ್ಯಾರ್ಥಿವೇತನ. ಅದರಲ್ಲಿ ಕರ್ನಾಟಕದ ಪಾಲು 5,534. ಏಳನೇ ತರಗತಿಯಲ್ಲಿ ಶೇ 55 ಅಂಕ ಪಡೆದಿರಬೇಕು, ಪೋಷಕರ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಬಾರದು. ಪರೀಕ್ಷೆಗೆ ಎರಡು ಪತ್ರಿಕೆ: ಬೌದ್ಧಿಕ ಸಾಮರ್ಥ್ಯದ್ದೊಂದು, ವಿಜ್ಞಾನ, ಸಮಾಜ ವಿಜ್ಞಾನ, ಗಣಿತ ಸೇರಿದ ವ್ಯಾಸಂಗಿಕ ಪ್ರವೃತ್ತಿಯದ್ದೊಂದು. ಒಂದೊಂದರಲ್ಲೂ 90 ಪ್ರಶ್ನೆ, 90 ನಿಮಿಷ. ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿಯಂತೆ ಒಟ್ಟು 48,000 ರೂಪಾಯಿ ನೇರವಾಗಿ ಬ್ಯಾಂಕ್ ಖಾತೆಗೆ ಸೇರುತ್ತದೆ.

ಈ ಹಣ ಎಷ್ಟು ದೊಡ್ಡದು ಎಂಬುದನ್ನು ಕೂಲಿಯಲ್ಲಿ ಅಳೆಯುವುದು ಮೇಲು, ಏಕೆಂದರೆ ಮಗ ಅಥವಾ ಮಗಳನ್ನು ಶಾಲೆ ಬಿಡಿಸುವ ಮನೆ ಅಳೆಯುವುದೂ ಅದರಲ್ಲೇ. ಮೊದಲು ತಿಂಗಳಿಗೆ 500 ರೂಪಾಯಿ ಇದ್ದ ಮೊತ್ತ 2017ರ ಏಪ್ರಿಲ್‌ನಿಂದ 1,000 ಆಯಿತು. ಆ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 236 ರೂಪಾಯಿ; ಅಂದರೆ ಒಂದು ವರ್ಷದ ವಿದ್ಯಾರ್ಥಿವೇತನ ಸುಮಾರು 51 ದಿನಗಳ ಕೂಲಿಗೆ ಸಮ. 2024–25ರಲ್ಲಿ ದಿನಗೂಲಿ 349 ರೂಪಾಯಿಗೆ ಏರಿತು, ವಿದ್ಯಾರ್ಥಿವೇತನ ಇದ್ದಲ್ಲೇ ಇದ್ದುದರಿಂದ ಅದರ ಬೆಲೆ 34 ದಿನಗಳ ಕೂಲಿಗೆ ಇಳಿಯಿತು. ಯಾವ ಆದೇಶವೂ ಹೊರಡದೆ ಮೂರನೆಯ ಒಂದು ಪಾಲು ಕರಗಿದೆ. ಆದರೂ ಇದನ್ನು ಚಿಲ್ಲರೆ ಎಂದು ತಳ್ಳಿಹಾಕುವಂತಿಲ್ಲ. ವಿಜ್ಞಾನ ಓದಲು ದಾಂಡೇಲಿಗೋ ಹಳಿಯಾಳಕ್ಕೋ ಧಾರವಾಡಕ್ಕೋ ಹೋಗಬೇಕಾದ ಜೊಯಿಡಾದ ಹುಡುಗನಿಗೆ ಬಸ್ ಪಾಸು, ಪುಸ್ತಕ, ಕೋಣೆಯ ಬಾಡಿಗೆಯಲ್ಲಿ ಒಂದು ಪಾಲು ಇದರಿಂದ ನಡೆಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಹಣ ನಾಲ್ಕು ವರ್ಷಗಳಿಗೆ ಹಂಚಿಕೊಂಡು ಬರುತ್ತದೆ. ಒಂದೇ ಸಲ ಕೊಟ್ಟಿದ್ದರೆ ಮನೆಯ ಸಾಲಕ್ಕೆ ಹೋಗಿಬಿಡುತ್ತಿತ್ತು. ಹೀಗೆ ಬಂದರೆ ಓದು ನಿಲ್ಲಿಸಿದಾಗ ಹಣವೂ ನಿಲ್ಲುತ್ತದೆ ಎಂಬ ಲೆಕ್ಕ ಮನೆಯವರ ಮುಂದಿರುತ್ತದೆ.

ಸಿಗುವ ಸಂಭವ ಎಷ್ಟು? ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿ ಬರೆಯುವವರೇ ವರ್ಷಕ್ಕೆ 8 ಲಕ್ಷ ಮೀರುತ್ತಾರೆ. 5,534 ಎಂದರೆ ಆ ಲೆಕ್ಕದಲ್ಲಿ 140ಕ್ಕೊಬ್ಬರೂ ಇಲ್ಲ. ಖಾಸಗಿ ಶಾಲೆ, ಕೇಂದ್ರೀಯ ವಿದ್ಯಾಲಯ, ನವೋದಯಗಳನ್ನು ಹೊರಗಿಟ್ಟಿರುವುದರಿಂದ ನಿಜವಾದ ಸ್ಪರ್ಧೆ ಇಷ್ಟು ಕಠಿಣವಲ್ಲ. ಸರಕಾರವೇ ಊಟ, ವಸತಿ, ಪಾಠ ಮೂರನ್ನೂ ಕೊಡುವ ವಸತಿ ಶಾಲೆಗಳೂ ಹೊರಗೆ. ಈ ಕೊನೆಯ ನಿಯಮ ನಮ್ಮ ತಾಲೂಕುಗಳಲ್ಲಿ ವಿಚಿತ್ರ ಪರಿಣಾಮ ಬೀರುತ್ತದೆ. ಐದನೇ ತರಗತಿ ಮುಗಿಸಿದ ಚುರುಕು ಮಕ್ಕಳು ಪ್ರವೇಶ ಪರೀಕ್ಷೆ ಬರೆದು ಮೊರಾರ್ಜಿ ದೇಸಾಯಿ ವಸತಿ ಶಾಲೆ ಸೇರುತ್ತಾರೆ. ಅಲ್ಲಿ ಹತ್ತನೇ ತರಗತಿಯವರೆಗೆ ಖರ್ಚಿಲ್ಲ, ಸರಿ. ಪಿಯುಸಿಗೆ ಬಂದಾಗ ಮಾತ್ರ ಅವರ ಕೈ ಬರಿದು. ಊರ ಶಾಲೆಯಲ್ಲೇ ಉಳಿದು ಎನ್‌ಎಂಎಂಎಸ್ ಗೆದ್ದ ಗೆಳೆಯನಿಗೆ ಇನ್ನೂ 24,000 ರೂಪಾಯಿ ಬಾಕಿ ಇರುತ್ತದೆ. ಹನ್ನೊಂದನೇ ವಯಸ್ಸಿಗೆ ಒಂದು ಪರೀಕ್ಷೆ ಗೆದ್ದ ಮಗು ಹದಿಮೂರಕ್ಕೆ ಇನ್ನೊಂದನ್ನು ಬರೆಯುವ ಅರ್ಹತೆಯನ್ನೇ ಕಳೆದುಕೊಂಡಿರುತ್ತದೆ.

ಬೌದ್ಧಿಕ ಸಾಮರ್ಥ್ಯದ ಪತ್ರಿಕೆಯ ಬಗ್ಗೆ ಎರಡು ಅಭಿಪ್ರಾಯಗಳು ಚಾಲ್ತಿಯಲ್ಲಿವೆ. ಪಾಠ ಚೆನ್ನಾಗಿ ಆಗದ ಶಾಲೆಯ ಮಗುವಿನ ಬುದ್ಧಿಯನ್ನೂ ಅದು ಗುರುತಿಸಬಲ್ಲದು ಎಂಬುದು ಒಂದು. ಅಂಥ ಪ್ರಶ್ನೆಗಳನ್ನು ಮೊದಲೇ ಕಂಡಿದ್ದವನಿಗೇ ಅದು ಸುಲಭ ಎಂಬುದು ಇನ್ನೊಂದು. ಎರಡನೆಯದೇ ಸತ್ಯಕ್ಕೆ ಹತ್ತಿರ ಎಂದು ನನ್ನ ಅಭಿಪ್ರಾಯ. ಸಂಖ್ಯಾಶ್ರೇಣಿ, ಕನ್ನಡಿಯ ಪ್ರತಿಬಿಂಬ, ಸಂಕೇತ ಬಿಡಿಸುವುದು, ರಕ್ತಸಂಬಂಧದ ಒಗಟು, ಇವೆಲ್ಲ ರೂಢಿಯಿಂದ ಕೈಗೆ ಬರುವ ವಿದ್ಯೆಗಳು. ಪ್ರಶ್ನೆಗೊಂದು ನಿಮಿಷವಾದ್ದರಿಂದ ಓಎಂಆರ್ ಹಾಳೆಯನ್ನು ಮೊದಲ ಸಲ ಹಿಡಿದ ಮಗು ವೃತ್ತ ತುಂಬುವುದರಲ್ಲೇ ಹಿಂದೆ ಬೀಳುತ್ತದೆ. ಇದಕ್ಕೆ ಭಾಷೆಯ ತೊಡಕೂ ಸೇರುತ್ತದೆ. ಜೊಯಿಡಾದ ಕುಣಬಿಗಳ ಮನೆಮಾತು ಕೊಂಕಣಿ, ಮುಂಡಗೋಡ ಮತ್ತು ಹಳಿಯಾಳದ ದನಗರ ಗೌಳಿಗಳದ್ದು ಮರಾಠಿ, ಸಿದ್ದಿಗಳು ಕೊಂಕಣಿ, ಉರ್ದು, ಕನ್ನಡಗಳ ನಡುವೆ ಇರುವವರು. ದಾಂಡೇಲಿಯಂತೂ 1950ರ ದಶಕದಲ್ಲಿ ಬಂದ ಕಾಗದದ ಕಾರ್ಖಾನೆಯ ಸುತ್ತ ಹತ್ತು ಕಡೆಯ ಜನ ಸೇರಿ ಬೆಳೆದ ಊರು. ರಕ್ತಸಂಬಂಧದ ಪ್ರಶ್ನೆಯೊಂದನ್ನು ಗುಂದದ ಕುಣಬಿ ಹುಡುಗಿ ಮೊದಲು ಶಾಲೆಯ ಭಾಷೆಯಿಂದ ಮನೆಯ ಭಾಷೆಗೆ ತಂದು, ಆಮೇಲೆ ಬಿಡಿಸಬೇಕು. ಆ ಅರ್ಧ ನಿಮಿಷ ಅವಳ ಬುದ್ಧಿಯ ಕೊರತೆಯೆಂದು ಅಂಕಪಟ್ಟಿಯಲ್ಲಿ ದಾಖಲಾಗುತ್ತದೆ.

ಅರ್ಹತೆಯ ರೇಖೆಗಳೂ ಒಂದೇ ಕಾಡಿನ ಮಕ್ಕಳನ್ನು ಬೇರೆ ಬೇರೆ ಮಾಡುತ್ತವೆ. ಸಾಮಾನ್ಯ ವರ್ಗದವರಿಗೆ ಎರಡೂ ಪತ್ರಿಕೆ ಸೇರಿ ಶೇ 40, ಪರಿಶಿಷ್ಟರಿಗೆ ಶೇ 32. ಅಂದರೆ 180ಕ್ಕೆ 72 ಮತ್ತು 58. ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ್ದರಿಂದ ಸಿದ್ದಿ ಮಗುವಿಗೆ ಈ ರಿಯಾಯಿತಿ ಉಂಟು. ಅದೇ ಶಾಲೆಗೆ ಅದೇ ಕಾಲುದಾರಿಯಲ್ಲಿ ಬರುವ ಕುಣಬಿ, ಗೌಳಿ ಮಕ್ಕಳಿಗೆ ಇಲ್ಲ. ಪರಿಶಿಷ್ಟ ಪಂಗಡದ ಸ್ಥಾನಕ್ಕಾಗಿ ಈ ಎರಡೂ ಸಮುದಾಯಗಳು ಎತ್ತಿರುವ ಬೇಡಿಕೆಗೆ ಇಂಥ ಸಣ್ಣ ಲೆಕ್ಕಗಳೂ ಒತ್ತಾಸೆಯಾಗಿವೆ.

ಇಷ್ಟಾದರೂ ಎಲ್ಲಕ್ಕಿಂತ ತೂಕದ ವಿಚಾರ ಮುಂದಿದೆ: ಮಗು ಯಾರೊಡನೆ ಸ್ಪರ್ಧಿಸುತ್ತದೆ? ರಾಜ್ಯದ ಪಾಲನ್ನು ಜಿಲ್ಲಾವಾರು ಹಂಚುತ್ತಾರೆ. ರಾಯಚೂರಿನ ಮಗು ಉಡುಪಿಯ ಮಗುವಿನೊಡನೆ ಸೆಣಸಬೇಕಾಗಿಲ್ಲ; ಆ ಮಟ್ಟಿಗೆ ಇದು ವಿವೇಕದ ಏರ್ಪಾಡು. ಜಿಲ್ಲೆಯ ಒಳಗೆ ಮಾತ್ರ ಈ ವಿವೇಕ ನಿಂತುಹೋಗುತ್ತದೆ. ಜೊಯಿಡಾದ ಮಗು ಶಿರಸಿ, ಸಿದ್ದಾಪುರದ ಮಕ್ಕಳೊಡನೆ ಒಂದೇ ಪಟ್ಟಿಗೆ ಸೇರುತ್ತದೆ. ಶಿರಸಿ ಸೀಮೆಯ ಅನುದಾನಿತ ಶಾಲೆಗಳಿಗೆ ಹಲವು ತಲೆಮಾರಿನ ಓದಿನ ಬೆಂಬಲವಿದೆ. ಸೂಪಾ ಎಂಬ ಹಳೆಯ ತಾಲೂಕು ಕೇಂದ್ರವೇ ಕಾಳಿ ನದಿಯ ಅಣೆಕಟ್ಟಿನಲ್ಲಿ ಮುಳುಗಿ, ಕಚೇರಿಗಳು ಜೊಯಿಡಾಕ್ಕೆ ಬಂದು, ಸಂತ್ರಸ್ತರು ರಾಮನಗರದಂಥ ಕಡೆ ಹೊಸದಾಗಿ ಬದುಕು ಕಟ್ಟಿಕೊಂಡ ತಾಲೂಕಿನಲ್ಲಿ ಆ ಬೆಂಬಲ ಎಲ್ಲಿಂದ ಬರಬೇಕು? ಉಳಿದ ನೆಲದ ಬಹುಭಾಗ ಕಾಡು, ಕಾಳಿ ಹುಲಿ ಸಂರಕ್ಷಿತ ಪ್ರದೇಶ.

ಸ್ಪರ್ಧೆಯ ಗುಂಪು ಹೀಗಿದ್ದರೆ ಏನಾಗುತ್ತದೆ ಎಂಬುದಕ್ಕೆ ಹೊರದೇಶಗಳ ಮೂರು ಅಧ್ಯಯನಗಳು ನೆರವಾಗುತ್ತವೆ. ಕೀನ್ಯಾದ ಬುಸಿಯಾದಲ್ಲಿ ಆರನೇ ತರಗತಿಯ ಹುಡುಗಿಯರಿಗೆ ಪರೀಕ್ಷೆಯ ಮೂಲಕ ವಿದ್ಯಾರ್ಥಿವೇತನ ಇಟ್ಟಾಗ ಅಂಕಗಳು ಏರಿದವು. ಗೆಲ್ಲುವ ಸಂಭವವಿಲ್ಲದ ಹುಡುಗಿಯರಿಗೂ ಲಾಭವಾಯಿತು ಎಂದು ಕ್ರೆಮರ್, ಮಿಗೆಲ್, ಥಾರ್ನ್‌ಟನ್ 2009ರಲ್ಲಿ ತೋರಿಸಿದರು. ಕಾಂಬೋಡಿಯಾದಲ್ಲಿ ಬಡತನ ನೋಡಿ ಕೊಟ್ಟ ವೇತನ, ಅಂಕ ನೋಡಿ ಕೊಟ್ಟ ವೇತನ ಎರಡನ್ನೂ ಹೋಲಿಸಿದ ಬರೇರಾ-ಒಸೋರಿಯೊ ಮತ್ತು ಫಿಲ್ಮರ್ ಅವರಿಗೆ, ಮಕ್ಕಳನ್ನು ಶಾಲೆಯಲ್ಲಿ ಉಳಿಸುವುದರಲ್ಲಿ ಎರಡೂ ಗೆದ್ದದ್ದು, ಕಲಿಕೆಯನ್ನು ಹೆಚ್ಚಿಸಿದ್ದು ಎರಡನೆಯದು ಮಾತ್ರ ಎಂಬುದು ಕಂಡಿತು. ಮಲಾವಿಯದ ಫಲಿತಾಂಶ ಇದಕ್ಕೆ ವಿರುದ್ಧ. ಎಲ್ಲರನ್ನೂ ಒಂದೇ ಪಟ್ಟಿಯಲ್ಲಿಟ್ಟು ಮೇಲಿನವರಿಗೆ ಬಹುಮಾನ ಕೊಟ್ಟಾಗ ಒಟ್ಟು ಅಂಕಗಳೇ ಇಳಿದವು. ಗೆಲ್ಲುವ ಭರವಸೆ ಕಡಿಮೆಯಿದ್ದವರ ಓದುವ ಹುಮ್ಮಸ್ಸು ಹೆಚ್ಚು ಕುಗ್ಗಿತು. ಮೊದಲೇ ಸರಿಸಮಾನರಿದ್ದವರ ಸಣ್ಣ ಗುಂಪುಗಳ ಒಳಗೆ ಸ್ಪರ್ಧೆ ಇಟ್ಟಾಗ ಈ ಕೆಡುಕು ಕಾಣಲಿಲ್ಲ. ನಮ್ಮ ಜಿಲ್ಲೆಗೆ ಬೇಕಾದ ಪಾಠ ಈ ಕೊನೆಯದರಲ್ಲಿದೆ. ಗೆದ್ದವರು ಸದಾ ಬೇರೆ ತಾಲೂಕಿನವರೇ ಎಂದು ಮಕ್ಕಳಿಗೆ ಅನಿಸತೊಡಗಿದರೆ ಪರೀಕ್ಷೆ ಪ್ರೋತ್ಸಾಹವಾಗಿ ಉಳಿಯುವುದಿಲ್ಲ.

ಗೆದ್ದ ಮೇಲಿನ ದಾರಿಯೂ ಸಲೀಸಲ್ಲ. ನಾಡಕಚೇರಿಯ ಆದಾಯ ಪ್ರಮಾಣಪತ್ರ, ಆಧಾರ್ ಜೋಡಣೆಯಾದ ಖಾತೆ, ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ, ಶಾಲೆಯ ಹಂತದಲ್ಲೊಂದು, ಮೇಲಿನ ಹಂತದಲ್ಲೊಂದು ಪರಿಶೀಲನೆ, ಪ್ರತಿವರ್ಷ ನವೀಕರಣ. ಶಾಲಾ ದಾಖಲೆಯಲ್ಲಿ ತಂದೆಯ ಹೆಸರಿನ ಜೊತೆ ಅಡ್ಡಹೆಸರು ಇದ್ದು ಆಧಾರ್‌ನಲ್ಲಿ ಇಲ್ಲದಿದ್ದರೆ ಅಷ್ಟಕ್ಕೇ ಅರ್ಜಿ ನಿಲ್ಲಬಹುದು. ಮೊಬೈಲ್‌ಗೆ ಬರುವ ಒಟಿಪಿಗಾಗಿ ಸಿಗ್ನಲ್ ಹುಡುಕಿ ಗುಡ್ಡ ಹತ್ತಬೇಕಾದ ಹಳ್ಳಿಗಳಲ್ಲಿ ಇದು ಪರೀಕ್ಷೆಗಿಂತ ದೊಡ್ಡ ಪರೀಕ್ಷೆ. ಹತ್ತನೇ ತರಗತಿಯ ನಂತರ ಅಪಾಯ ಹೆಚ್ಚು. ಎಸ್ಸೆಸ್ಸೆಲ್ಸಿಯಲ್ಲಿ ಶೇ 60 (ಪರಿಶಿಷ್ಟರಿಗೆ ಶೇ 55) ಬರದಿದ್ದರೆ ಉಳಿದ ಎರಡು ವರ್ಷದ ಹಣ ಹೋಯಿತು. ಬಂದರೂ, ಮಗು ಹೊಸ ಕಾಲೇಜಿಗೆ ಸೇರಿರುತ್ತದೆ. ಅಲ್ಲಿನ ಗುಮಾಸ್ತರಿಗೆ ಈ ಮಗು ಎನ್‌ಎಂಎಂಎಸ್ ಫಲಾನುಭವಿ ಎಂಬುದು ಹೇಳದ ಹೊರತು ಗೊತ್ತಾಗುವುದಿಲ್ಲ.

ಇನ್ನೊಂದು ನಿಯಮದ ಬಗ್ಗೆ ದಾಂಡೇಲಿಯಲ್ಲಿ ನಿಂತು ಯೋಚಿಸಬೇಕು. ವೇತನ ಹನ್ನೊಂದು, ಹನ್ನೆರಡನೇ ತರಗತಿಗೆ ಮೀಸಲು. ಐಟಿಐ, ಡಿಪ್ಲೊಮಾ ಸೇರಿದರೆ ಇಲ್ಲ. ಕಾರ್ಖಾನೆಯ ಸೈರನ್ ಕೇಳುತ್ತ ಬೆಳೆದ ಹುಡುಗನಿಗೆ ಫಿಟ್ಟರ್, ಎಲೆಕ್ಟ್ರಿಷಿಯನ್ ಕೋರ್ಸೇ ಕೆಲಸಕ್ಕೆ ಹತ್ತಿರದ ದಾರಿ. ಅವನು ತನ್ನ ಮನೆಯ ಪರಿಸ್ಥಿತಿಗೆ ತಕ್ಕ ವಿವೇಕದ ಆಯ್ಕೆ ಮಾಡಿದ ದಿನವೇ ಯೋಜನೆಯ ಕಣ್ಣಿನಲ್ಲಿ ಓದು ಬಿಟ್ಟವನಾಗುತ್ತಾನೆ. ಶಾಲೆ ಬಿಡುವುದನ್ನು ತಡೆಯಲು ಹುಟ್ಟಿದ ಯೋಜನೆಗೆ ಇದು ಶೋಭೆಯಲ್ಲ.

ಪರೀಕ್ಷೆಯೊಂದಕ್ಕಾಗಿಯೇ ಹರೆಯವನ್ನು ಮುಡಿಪಾಗಿಡುವುದರ ಅಪಾಯವನ್ನು ಇತ್ತೀಚಿನ ಇತಿಹಾಸ ತೋರಿಸಿದೆ. 1963ರಲ್ಲಿ ಎನ್‌ಸಿಇಆರ್‌ಟಿ ದೆಹಲಿಯಲ್ಲಿ 10 ವಿದ್ಯಾರ್ಥಿವೇತನಗಳಿಂದ ಆರಂಭಿಸಿ ದೇಶಕ್ಕೆಲ್ಲ ಹಬ್ಬಿಸಿದ ರಾಷ್ಟ್ರೀಯ ಪ್ರತಿಭಾನ್ವೇಷಣೆಗೆ 2021ರ ಮಾರ್ಚ್‌ನಾಚೆ ಅನುಮೋದನೆ ಮುಂದುವರಿಯದೆ ಅದು ನಿಂತುಹೋಯಿತು. ಭಾರತೀಯ ವಿಜ್ಞಾನ ಸಂಸ್ಥೆ ನಡೆಸುತ್ತಿದ್ದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆ (ಕೆವಿಪಿವೈ) 2022ರಲ್ಲಿ ಇನ್‌ಸ್ಪೈರ್ ಯೋಜನೆಯಲ್ಲಿ ಲೀನವಾಯಿತು. ಹಿಂದುಳಿದ ವರ್ಗಗಳ ಮಕ್ಕಳಿಗಾಗಿ ತಂದ ಯಶಸ್ವಿ ಯೋಜನೆಯ 2023ರ ಪ್ರವೇಶ ಪರೀಕ್ಷೆಯನ್ನು ಕೈಬಿಟ್ಟು ತರಗತಿಯ ಅಂಕಗಳನ್ನೇ ಆಧಾರವಾಗಿಟ್ಟುಕೊಂಡರು. ಅರ್ಜಿ ಹಾಕಿ ವರ್ಷವಿಡೀ ಓದಿದವರ ಶ್ರಮಕ್ಕೆ ಸರಕಾರ ಲೆಕ್ಕ ಕೊಡಬೇಕಾಗಿ ಬರಲಿಲ್ಲ.

ಹಾಗಾದರೆ ಬರೆಸಬೇಕೇ? ಬರೆಸಬೇಕು, ಒಂದು ಷರತ್ತಿನ ಮೇಲೆ. ತಯಾರಿ ಶಾಲೆಯ ಒಳಗೇ, ಶಾಲೆಯ ಪಾಠದ ಜೊತೆಗೇ ನಡೆಯಬೇಕು. ಎರಡನೇ ಪತ್ರಿಕೆಯ 90 ಪ್ರಶ್ನೆಗಳು ಹೇಗೂ ಪಠ್ಯದವೇ. ಅದಕ್ಕೆ ಓದಿದ್ದು ಆಯ್ಕೆಯಾಗದ ಮಗುವಿಗೂ ಎಸ್ಸೆಸ್ಸೆಲ್ಸಿಯಲ್ಲಿ ಉಪಯೋಗಕ್ಕೆ ಬರುತ್ತದೆ. ಮೊದಲ ಪತ್ರಿಕೆಗೆ ತರಗತಿಯ ಎಲ್ಲ ಮಕ್ಕಳನ್ನೂ ಕೂರಿಸಿ ವಾರಕ್ಕೊಂದು ಅವಧಿ ಕೊಟ್ಟರೆ ಸಾಕು. ಆಯ್ದ ನಾಲ್ಕು ಮಕ್ಕಳನ್ನು ಮಾತ್ರ ಬೇರೆ ಕೂರಿಸಿ ತಿದ್ದುವುದು ಶಾಲೆಯ ಫಲಕಕ್ಕೆ ಲಾಭ, ತರಗತಿಗೆ ನಷ್ಟ. ಇನ್ನು ಪೋಷಕರು ದುಡ್ಡು ಕೊಟ್ಟು ಕೋಚಿಂಗ್‌ಗೆ ಕಳಿಸುವುದು, ನಾಲ್ಕು ವರ್ಷಕ್ಕೆ 48,000 ರೂಪಾಯಿಯ ಈ ಪರೀಕ್ಷೆಗೆ, ಯಾವ ಲೆಕ್ಕದಲ್ಲೂ ಸರಿಹೋಗದು.

ಉಳಿದದ್ದು ಇಲಾಖೆ ಮಾಡಬೇಕಾದ ಕೆಲಸ. ಜಿಲ್ಲೆಯ ಪಾಲನ್ನು ತಾಲೂಕುವಾರು ಹಂಚಲಿ. ಅದಕ್ಕೆ ಹೊಸ ಹಣ ಬೇಡ. ಐಟಿಐ, ಡಿಪ್ಲೊಮಾ ಸೇರುವವರಿಗೂ ವೇತನ ಮುಂದುವರಿಸಬೇಕೆಂದು ಕೇಂದ್ರಕ್ಕೆ ಬರೆಯಲಿ. ಆಯ್ಕೆಪಟ್ಟಿ ಪ್ರಕಟಿಸುವಂತೆಯೇ, ನಾಲ್ಕು ವರ್ಷಗಳ ಹಿಂದೆ ಆಯ್ಕೆಯಾದವರಲ್ಲಿ ಎಷ್ಟು ಮಂದಿಗೆ ಹನ್ನೆರಡನೇ ತರಗತಿಯ ಕೊನೆಯ ಕಂತು ಮುಟ್ಟಿತು ಎಂಬುದನ್ನೂ ತಾಲೂಕುವಾರು ಪ್ರಕಟಿಸಲಿ. ಪರೀಕ್ಷೆ ಬರೆಸುವ ಶಿಕ್ಷಕರು ಮತ್ತು ಬರೆಯುವ ಮಕ್ಕಳ ಪೋಷಕರು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಮೊದಲು ಕೇಳಬೇಕಾದ ಅಂಕಿ ಈ ಕೊನೆಯದು.