ಮರದ ಉಪ್ಪರಿಗೆಗೆ ನೀರಿನ ಭಯ

ಮರದ ಮನೆಯೆಂದೊಡನೆ ನಮಗೆ ನೆನಪಾಗುವುದು ಬೆಂಕಿ. ಅದಕ್ಕೆ ಕಾರಣವೂ ಉಂಟು. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಂಭ್ರಮದ ನಡುವೆಯೇ ಮೈಸೂರಿನ ಹಳೆಯ ಮರದ ಅರಮನೆ ಸುಟ್ಟುಹೋಯಿತು. ಬೆಂಕಿ ಗದ್ದಲ ಮಾಡಿಕೊಂಡು ಬರುವ ಹಗೆ. ಊರಿಗೆ ಊರೇ ಓಡಿಬಂದು ನೋಡುತ್ತದೆ. ಆದರೆ ಮರಕ್ಕೆ ಇನ್ನೊಂದು ಹಗೆಯುಂಟು. ಅದು ಸದ್ದಿಲ್ಲದೆ ಬಂದು ತೊಲೆಯ ಸಂದಿಯಲ್ಲಿ ಕೂರುತ್ತದೆ. ಹತ್ತು ವರ್ಷ ಕಳೆದ ಮೇಲೆ ಬಡಗಿ ಉಳಿಯಿಂದ ಚುಚ್ಚಿ ನೋಡಿದರೆ ಒಳಗೆ ಹಿಟ್ಟಷ್ಟೇ ಉಳಿದಿರುತ್ತದೆ. ಎತ್ತರದ ಮರದ ಕಟ್ಟಡಗಳ ಚರಿತ್ರೆಯನ್ನು ಕೆದಕಿ ನೋಡಿದರೆ, ಅದರ ಬಹುಪಾಲು ನೀರಿನೊಡನೆ ನಡೆದ ವ್ಯಾಜ್ಯವೇ ಎಂದು ತೋರುತ್ತದೆ.

ಜಪಾನಿನ ನಾರಾ ಪಟ್ಟಣದ ಬಳಿ ಹೋರ್ಯೂಜಿ ಎಂಬ ಬೌದ್ಧ ವಿಹಾರವಿದೆ. ಅಲ್ಲಿನ ಐದಂತಸ್ತಿನ ಪಗೋಡ ಇಂದು ಉಳಿದಿರುವ ಮರದ ಕಟ್ಟಡಗಳಲ್ಲೆಲ್ಲ ಅತಿ ಹಳೆಯವುಗಳ ಸಾಲಿಗೆ ಸೇರಿದ್ದು. ಎತ್ತರ ಮೂವತ್ತು ಮೀಟರಿಗಿಂತ ತುಸು ಹೆಚ್ಚು; ವಯಸ್ಸು ಹದಿಮೂರು ಶತಮಾನ. ನಡುವೆ ನಿಂತ ಮಹಾಸ್ತಂಭದ ಮರವನ್ನು ಕಡಿದದ್ದು ಕ್ರಿ. ಶ. 594ರಲ್ಲಿ ಎಂದು ಮರದ ಬಳೆಗಳನ್ನು ಎಣಿಸಿದ ವಿದ್ವಾಂಸರು ಹೇಳಿದ್ದಾರೆ. ಅಂದಿನ ಬಡಗಿಗಳು ಈ ಸ್ತಂಭವನ್ನು ಸುಮಾರು ಮೂರು ಮೀಟರ್ ಆಳದಲ್ಲಿ, ನೆಲದೊಳಗಿನ ಅಡಿಗಲ್ಲಿನ ಮೇಲೆ ನಿಲ್ಲಿಸಿ ಮಣ್ಣು ಮುಚ್ಚಿದ್ದರು. 1926ರಲ್ಲಿ ಬುಡವನ್ನು ಪರೀಕ್ಷಿಸಿದಾಗ ಕಂಡದ್ದೇನು? ಮಣ್ಣಿನಲ್ಲಿ ಹೂತ ಭಾಗವೆಲ್ಲ ಕೊಳೆತುಹೋಗಿ, ಅಲ್ಲಿ ಬರಿಯ ಟೊಳ್ಳು ಉಳಿದಿತ್ತು! ನೆಲದಿಂದ ಮೇಲಿನದು ಮಾತ್ರ ಗಟ್ಟಿ. ಅದನ್ನು ಕಾಪಾಡಿದ್ದು ಐದೂ ಅಂತಸ್ತಿನಲ್ಲಿ ಗೋಡೆಯಿಂದ ಬಹುದೂರ ಚಾಚಿಕೊಂಡ ಸೂರು. ಪ್ರವಾಸಿಗಳು ಆ ಸೂರಿನ ಅಂದವನ್ನು ಮೆಚ್ಚಿ ಹೋಗುತ್ತಾರೆ. ಅದನ್ನು ಕಟ್ಟಿದವರಿಗೆ ಅದು ಮೊದಲು ಕೊಡೆ, ಆಮೇಲೆ ಅಂದ.

ಮುಂದಿನ ತಲೆಮಾರುಗಳು ಈ ಪಾಠ ಕಲಿತವು. ಮಹಾಸ್ತಂಭವನ್ನು ಹೂಳುವುದನ್ನು ಬಿಟ್ಟು ನೆಲದ ಮೇಲಣ ಕಲ್ಲಿನ ಮೇಲೆ ಇಟ್ಟವು. ನಾರ್ವೆಯವರೂ ಇದೇ ದಾರಿಯಲ್ಲಿ ನಡೆದರು. ಅವರ ಮೊದಲ ಮರದ ಇಗರ್ಜಿಗಳ ಕಂಬಗಳು ನೆಲದಲ್ಲಿ ಹೂತು ಕೊಳೆತವು. ಹನ್ನೆರಡನೆಯ ಶತಮಾನದ ಬೋರ್ಗುಂಡ್ ಇಗರ್ಜಿ ಕಲ್ಲಿನ ಮೇಲಿಟ್ಟ ಅಡಿತೊಲೆಯ ಮೇಲೆ ನಿಂತು, ಮೈಗೆಲ್ಲ ಟಾರು ಬಳಿದುಕೊಂಡು ಇಂದಿಗೂ ಉಳಿದಿದೆ. ನಮ್ಮ ಮಲೆನಾಡಿನ ಮನೆಗಳಲ್ಲಿ ಕಂಬಕ್ಕೆ ಕಲ್ಲಿನ ಪೀಠ ಏಕೆಂದು ಯಾವ ಬಡಗಿಯೂ ಹೇಳಿಯಾನು.

ಆದರೆ ನನ್ನ ಕುತೂಹಲವನ್ನು ಕೆರಳಿಸಿದ್ದು ನಿಕ್ಕೋ ಎಂಬಲ್ಲಿನ ಪಗೋಡ. ಹಿಂದಿನದು ಸುಟ್ಟುಹೋದ ಮೇಲೆ 1818ರಲ್ಲಿ ಅದನ್ನು ಮತ್ತೆ ಕಟ್ಟಿದರು. ಇಲ್ಲಿನ ನಡುಗಂಬ ನೆಲವನ್ನು ಮುಟ್ಟುವುದೇ ಇಲ್ಲ! ನಾಲ್ಕನೆಯ ಅಂತಸ್ತಿನಿಂದ ಸರಪಳಿಗಳಲ್ಲಿ ತೂಗುಬಿದ್ದಿದೆ. ಕೆಳಗಿನ ಕಲ್ಲಿಗೂ ಅದಕ್ಕೂ ಸುಮಾರು ಹತ್ತು ಸೆಂಟಿಮೀಟರ್ ಅಂತರ. ಭೂಕಂಪಕ್ಕೆಂದು ಮಾಡಿದ ಉಪಾಯವಿದು ಎಂದು ಅನೇಕರು ಹೇಳುವುದುಂಟು. ಕೆಲವು ವಿದ್ವಾಂಸರು ಕೊಡುವ ಕಾರಣ ಬೇರೆ, ನನಗೆ ಅದೇ ಹೆಚ್ಚು ಒಪ್ಪಿಗೆಯಾಗುತ್ತದೆ. ಮರ ಒಣಗುವಾಗ ಉದ್ದಕ್ಕೆ ಕುಗ್ಗುವುದು ಅತ್ಯಲ್ಪ, ಅಡ್ಡಕ್ಕೆ ಕುಗ್ಗುವುದು ಬಹಳ. ಪಗೋಡದ ಅಂತಸ್ತುಗಳಲ್ಲಿ ಅಡ್ಡ ಮಲಗಿಸಿದ ಬೋದಿಗೆ, ತೊಲೆಗಳೇ ಅಧಿಕ. ಮೇಲೆ ಹೆಂಚಿನ ಭಾರ ಬೇರೆ. ವರ್ಷಗಳು ಉರುಳಿದಂತೆ ಕಟ್ಟಡ ಕುಸಿದು ಕುಳ್ಳಾಗುತ್ತದೆ; ನೆಟ್ಟಗೆ ನಿಂತ ನಡುಗಂಬ ಮಾತ್ರ ಇದ್ದಷ್ಟೇ ಇರುತ್ತದೆ. ಆಗ ಕಂಬದ ತುದಿಯ ಕಳಸ ಮಾಡಿನಿಂದ ಮೇಲೆದ್ದು, ನಡುವೆ ಸಂದು ಬಿದ್ದು, ಮಳೆನೀರು ನೇರವಾಗಿ ಗೋಪುರದ ಹೊಟ್ಟೆಗೆ ಇಳಿಯುತ್ತದೆ. ಕಂಬವನ್ನು ಕಟ್ಟಡಕ್ಕೇ ತೂಗುಹಾಕಿದರೆ ಎರಡೂ ಒಟ್ಟಿಗೆ ಇಳಿಯುತ್ತವೆ, ಸಂದು ಬೀಳುವುದಿಲ್ಲ.

ಈ ಹಳೆಯ ಗೋಪುರಗಳಿಗೆಲ್ಲ ಒಂದು ಸುಖವಿತ್ತು. ನೀರು ಹೊರಗಿನಿಂದ ಮಾತ್ರ ಬರುತ್ತಿತ್ತು. ಚೀನಾದ ಯಿಂಗ್‌ಶಿಯನ್ ಪಗೋಡ 1056ರಲ್ಲಿ ಎದ್ದದ್ದು, 67 ಮೀಟರ್ ಎತ್ತರದ್ದು. ಅದರಲ್ಲಿ ಬುದ್ಧನ ಮೂರ್ತಿಗಳಿದ್ದವು, ಬಚ್ಚಲಿರಲಿಲ್ಲ. ನಮ್ಮ ಹಿರಿಯರೂ ಬಚ್ಚಲನ್ನು ಹಿತ್ತಲ ಕಡೆಗೆ ತಳ್ಳಿ, ನೆಲಕ್ಕೆ ಕಲ್ಲು ಹಾಸಿ, ನೀರನ್ನು ಬಾಳೆಯ ಬುಡಕ್ಕೆ ಬಿಟ್ಟರು. ಮರದ ಅಟ್ಟದ ಮೇಲೆ ಸ್ನಾನ ಮಾಡುತ್ತೇನೆಂದಿದ್ದರೆ ಮನೆಯ ಯಜಮಾನಿತಿ ಏನೆನ್ನುತ್ತಿದ್ದಳೋ! ಇಂದಿನ ಮರದ ಗಗನಚುಂಬಿಯಲ್ಲಿ ಹದಿನೆಂಟನೆಯ ಅಂತಸ್ತಿನಲ್ಲೂ ನಲ್ಲಿಯುಂಟು, ಶೌಚಾಲಯವುಂಟು, ಬೆಂಕಿ ಆರಿಸಲು ಸೂರಿನಲ್ಲಿ ನೀರಿನ ಕೊಳವೆಯುಂಟು. ಒಂದು ಹಗೆಯನ್ನು ತಡೆಯಲು ಇನ್ನೊಂದನ್ನು ಮನೆಯೊಳಗೇ ಸಾಕಿಕೊಂಡಂತೆ.

ಹೊಸ ಕಾಲಕ್ಕೆ ನೀರಿನ ಪಾಠ ಕಲಿಸಿದ್ದು ಕೆನಡಾದ ವ್ಯಾಂಕೂವರ್ ನಗರ. 1980ರ ದಶಕದಿಂದ ಅಲ್ಲಿ ಮೂರು ನಾಲ್ಕು ಅಂತಸ್ತಿನ ಮರದ ಚೌಕಟ್ಟಿನ ವಸತಿಗೃಹಗಳು ಸಾಲುಸಾಲಾಗಿ ಎದ್ದವು. ಚಳಿಗಾಲವೆಲ್ಲ ಮಳೆ ಹಿಡಿಯುವ ಊರು. ಆದರೂ ಬಿಸಿಲುನಾಡಿನ ಮನೆಗಳ ಮಾದರಿ ಜನಪ್ರಿಯವಾಯಿತು. ಸೂರನ್ನು ಕತ್ತರಿಸಿ, ಮರದ ಮೇಲೆ ಗಾರೆ ಮೆತ್ತಿದರು. ಕಿಟಕಿ, ಮೊಗಸಾಲೆಗಳ ಸಂದಿಯಲ್ಲಿ ನೀರು ಇಳಿಯಿತು. ಒಳಬದಿಗೆ ಪ್ಲಾಸ್ಟಿಕ್ ಹಾಳೆ ಇದ್ದುದರಿಂದ ಒಳಹೊಕ್ಕ ತೇವ ಆರಲಿಲ್ಲ. ಗೋಡೆ ಹೊರಗೆ ಬೆಳ್ಳಗೆ, ಒಳಗೆ ಗೆದ್ದಲು ಹಿಡಿದ ಪುಸ್ತಕದಂತೆ. ರಿಪೇರಿಯ ವೆಚ್ಚ ನಾಲ್ಕು ನೂರು ಕೋಟಿ ಡಾಲರಿನವರೆಗೆ ಎಂದು ಅಂದಾಜು ಮಾಡಿದರು. ಕಟ್ಟಿದ ಸಂಸ್ಥೆಗಳಲ್ಲಿ ಎಷ್ಟೋ ಅಷ್ಟರಲ್ಲಿ ಬಾಗಿಲು ಮುಚ್ಚಿಯಾಗಿತ್ತು. ಜೀವಮಾನದ ಉಳಿತಾಯವನ್ನು ಹಾಕಿ ಮನೆ ಕೊಂಡವರು ಅದನ್ನು ಸರಿಪಡಿಸಲು ಎರಡನೆಯ ಬಾರಿ ಸಾಲ ಮಾಡಬೇಕಾಯಿತು. 1998ರಲ್ಲಿ ಪ್ರಾಂತ್ಯದ ಮಾಜಿ ಮುಖ್ಯಮಂತ್ರಿ ಡೇವ್ ಬ್ಯಾರೆಟ್ ಅವರ ಆಯೋಗ ವಿಚಾರಣೆ ನಡೆಸಿತು. ಮನೆ ಕೊಳ್ಳುವವರ ರಕ್ಷಣೆಗೆ ಕಾನೂನು ಬಂತು. ಹೊರಗೋಡೆಗೂ ಮರಕ್ಕೂ ನಡುವೆ ಬೆರಳಗಲದ ಸಂದು ಬಿಟ್ಟು, ನುಗ್ಗಿದ ನೀರು ಹರಿದುಹೋಗಿ ಗಾಳಿಯಾಡಿ ಆರುವಂತೆ ಕಟ್ಟುವ ಕ್ರಮ ರೂಢಿಗೆ ಬಂತು.

2009ರಲ್ಲಿ ಅದೇ ಪ್ರಾಂತ್ಯ ಮರದ ಚೌಕಟ್ಟಿನ ಮನೆಗಳಿಗೆ ಆರು ಅಂತಸ್ತಿನವರೆಗೆ ಅನುಮತಿ ಕೊಟ್ಟಿತು. ಆಗ ನಿಕ್ಕೋದ ಸಮಸ್ಯೆ ಕೊಳಾಯಿಯ ರೂಪದಲ್ಲಿ ಮರಳಿ ಬಂತು. ಒಂದೊಂದು ಅಂತಸ್ತಿನಲ್ಲಿ ಅಡ್ಡ ಮಲಗಿದ ಮರ ಸುಮಾರು 300 ಮಿಲಿಮೀಟರ್ ದಪ್ಪ ಎನ್ನೋಣ. ಅದರ ತೇವ ಶೇಕಡ 19ರಿಂದ 10ಕ್ಕೆ ಇಳಿದರೆ ಅಂತಸ್ತಿಗೆ ಐದಾರು ಮಿಲಿಮೀಟರ್ ಕುಗ್ಗುತ್ತದೆ. ಆರು ಅಂತಸ್ತಿಗೆ ಮೂರು ಸೆಂಟಿಮೀಟರಿಗೆ ಕಡಿಮೆಯಿಲ್ಲ. ಕೆಳಗಿನಿಂದ ಮೇಲಿನವರೆಗೆ ನಿಂತ ಕೊಳವೆ ಕುಗ್ಗುವುದಿಲ್ಲ. ಮೇಲಂತಸ್ತಿನ ಬಚ್ಚಲಿನಿಂದ ಅದಕ್ಕೆ ಕೂಡುವ ಕವಲು ಮಾತ್ರ ನೆಲದೊಡನೆ ಇಳಿಯುತ್ತದೆ. ಇಳಿಜಾರು ತಿರುಗಿ ಕೊಳಚೆ ನಿಲ್ಲುತ್ತದೆ, ಕೀಲು ಬಿರಿಯುತ್ತದೆ. ಆದ್ದರಿಂದಲೇ ತಿಳಿದ ಕೆಲಸಗಾರರು ತೂತನ್ನು ಕೊಳವೆಗಿಂತ ದೊಡ್ಡದಾಗಿ ಕೊರೆದು, ನಡುನಡುವೆ ಜಾರುಕೀಲು ಇಡುತ್ತಾರೆ.

2017ರಲ್ಲಿ ಬ್ರಿಟಿಷ್ ಕೊಲಂಬಿಯ ವಿಶ್ವವಿದ್ಯಾನಿಲಯದ ವಿದ್ಯಾರ್ಥಿನಿಲಯವಾಗಿ ತೆರೆದ ಬ್ರಾಕ್ ಕಾಮನ್ಸ್ ಹದಿನೆಂಟು ಅಂತಸ್ತಿನದು. ತಳದ ಅಂತಸ್ತೂ ಮೆಟ್ಟಿಲ ಕೂಪಗಳೂ ಕಾಂಕ್ರೀಟು. ಉಳಿದ ಕಂಬ, ನೆಲ ಮರ. ಕಂಬದ ತಲೆಯ ಮೇಲೆ ಕಂಬ, ನಡುವೆ ಉಕ್ಕಿನ ಕೀಲು. ಅಡ್ಡ ಮರ ಭಾರದ ದಾರಿಗೆ ಬರುವುದೇ ಇಲ್ಲ. ಕೊಳವೆಯ ತೂತುಗಳನ್ನು ಕಾರ್ಖಾನೆಯಲ್ಲೇ ಕೊರೆದು ತಂದರು. ಮರದ ಚೌಕಟ್ಟು 2016ರ ಬೇಸಗೆಯಲ್ಲಿ ಎಪ್ಪತ್ತು ದಿನದೊಳಗೆ ಎದ್ದಿತು. ಹಿಂದೆಯೇ ಹೊರಗೋಡೆ ಏರಿಸುತ್ತ ಮಳೆಯ ಮುಂಚೆ ಮುಗಿಸಿದರು.

ಆಮೇಲೆ ನಾರ್ವೆಯ ಮ್ಯೋಸ್ತೋರ್ನೆ 2019ರಲ್ಲಿ 85 ಮೀಟರ್ ದಾಟಿತು. 2022ರಲ್ಲಿ ಅಮೆರಿಕದ ಮಿಲ್ವಾಕಿಯ ಅಸೆಂಟ್ ಅದಕ್ಕಿಂತ ಒಂದು ಮೀಟರಿನಷ್ಟು ಮೇಲೇರಿತು. ಪತ್ರಿಕೆಗಳು ಎತ್ತರವನ್ನು ಬರೆದವು. ವಿಮಾ ಕಂಪನಿಗಳು ಕೇಳಿದ್ದು ಕೊಳಾಯಿಯ ಮಾತನ್ನು. ಮರದ ಹಲಗೆಯ ಮೇಲೆ ಕಾಂಕ್ರೀಟಿನ ಹೊದಿಕೆ ಹಾಕಿದ ಮೇಲೆ ನಡುವೆ ಸೇರಿದ ನೀರು ಕಣ್ಣಿಗೆ ಬೀಳದೆ ದೂರ ಹರಿಯುತ್ತದೆ. ತೇವ ಶೇಕಡ 20ರ ಕೆಳಗಿದ್ದರೆ ಮರ ಕ್ಷೇಮ, 28–30ನ್ನು ದಾಟಿ ನಿಂತರೆ ಬೂಷ್ಟು ಮರವನ್ನು ತಿನ್ನತೊಡಗುತ್ತದೆ. ಅದಕ್ಕೆ ಮಾಡುವ ಉಪಾಯಗಳೆಲ್ಲ ಅಡುಗೆಮನೆಯ ಬುದ್ಧಿಯವೇ. ಬಚ್ಚಲ ಮೇಲೆ ಬಚ್ಚಲು ಬರುವಂತೆ ಜೋಡಿಸಿ, ಕೊಳವೆಗಳನ್ನು ಬಾಗಿಲಿರುವ ಒಂದೇ ಓಣಿಯಲ್ಲಿ ಇಳಿಸುತ್ತಾರೆ. ಬಚ್ಚಲ ನೆಲದಡಿ ನೀರಿಳಿಯದ ಹಾಳೆ ಹಾಸುತ್ತಾರೆ. ನೀರು ತುಂಬುವ ಮೊದಲು ಕೊಳವೆಯನ್ನು ಗಾಳಿಯೊತ್ತಡದಿಂದ ಪರೀಕ್ಷಿಸುತ್ತಾರೆ. ಅರ್ಧರಾತ್ರಿ ಸೋರಿದರೆ ತಾನಾಗಿ ಮುಚ್ಚಿಕೊಳ್ಳುವ ಕವಾಟ ಇಡುತ್ತಾರೆ. ಇಷ್ಟಾದರೂ ಕೆಲಸ ಮುಗಿದ ಸಂಜೆ ಕೀಲುಗಳ ಕೆಳಗೆಲ್ಲ ಕೈಯಾಡಿಸಿ, ಬೆರಳು ಒಣಗಿದೆಯೇ ಎಂದು ನೋಡುವ ಒಬ್ಬ ಮನುಷ್ಯ ಬೇಕೇ ಬೇಕು.